ಬೀಗರ ಊರಿನ ಮಡಕೆ

ಮಡಕೆಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿ ಇದ್ದಿತು. ಮಡಕೆಯೆಂದೊಡನೆ ವಾಚಕರು ನಮ್ಮ ಕುಂಬಾರರ ಮಡಕೆಯನ್ನೇ ನೆನೆಯುವರು, ಅದು ಸಹಜವೇ. ಆದರೆ ನಾವು ಹೇಳಹೊರಟಿರುವುದು ಜಪಾನು ದೇಶದ ಮಡಕೆಯ ಸಂಗತಿ. ಅಲ್ಲಿಯವರು ಇದನ್ನು ‘ದೊನಾಬೆ’ ಎನ್ನುವರು. ‘ದೊ’ ಎಂದರೆ ಮಣ್ಣು; ‘ನಾಬೆ’ ಎಂದರೆ ಅಡಿಗೆಯ ಪಾತ್ರೆ. ನಮ್ಮ ಮೃತ್ಪಾತ್ರೆಯೆಂಬ ಸಮಾಸಕ್ಕೆ ಅಕ್ಷರಶಃ ಸರಿಹೋಗುವ ಶಬ್ದ. ಈ ಮಡಕೆಯ ಮುಂದೆ ಕುಳಿತು ಒಂದು ರಾತ್ರಿ ನಾವು ಮಾಡಿದ ಅವಿವೇಕವನ್ನು ಮರೆಮಾಡಿ ಮಡಕೆಯ ಗುಣವನ್ನು ಮಾತ್ರ ವರ್ಣಿಸಿದರೆ ಅದು ಅರ್ಧಸತ್ಯವಾದೀತು. ಆದುದರಿಂದ ಎರಡನ್ನೂ ಹೇಳುವೆವು.

ನಮ್ಮ ಏಕಮಾತ್ರ ಪುತ್ರನು ನಗೋಯಾ ಪಟ್ಟಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರನಾಗಿರುವನು. 2021ನೆಯ ಇಸವಿಯಲ್ಲಿ ಅವನು ಆ ದೇಶದ ಕನ್ಯೆಯೊಬ್ಬಳನ್ನು ವಿವಾಹವಾದನು. ವಿವಾಹವೆಂದರೆ ಮಂಟಪವಿಲ್ಲ, ಓಲಗವಿಲ್ಲ. ವಾರ್ಡಿನ ಕಚೇರಿಯಲ್ಲಿ ಒಂದು ಕಾಗದವನ್ನು ಕೊಟ್ಟು ಬಂದದ್ದೇ ಶಾಸ್ತ್ರ. ನಾವು ಹೋಗಲಿಲ್ಲ. ಹೋಗುವ ಹಾಗೆಯೂ ಇರಲಿಲ್ಲವೆನ್ನಿ; ಕೋವಿಡಿನ ಕಾಲ ಅದು, ಜಪಾನು ದೇಶವು ಸಾಮಾನ್ಯ ಪ್ರವಾಸಿಗಳಿಗೆ ತನ್ನ ಬಾಗಿಲನ್ನು ಪೂರ್ತಿಯಾಗಿ ತೆರೆದದ್ದು 2022ರ ಅಕ್ಟೋಬರಿನಲ್ಲಿ. ಆದರೆ ನಿಜವನ್ನು ಹೇಳುವುದಾದರೆ, ಬಾಗಿಲು ಮುಚ್ಚಿದ್ದುದು ನಮಗೆ ಅನುಕೂಲವೇ ಆಯಿತು. ನಾವು ಸಮ್ಮತಿಸಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಸಮ್ಮತಿಸಿದೆವೆಂದು ನಾವೂ ಹೇಳಬೇಕಾಗಿರಲಿಲ್ಲ. ಭಾನುವಾರ ಭಾನುವಾರ ಮಗನ ಕರೆ ಬಂದಾಗ “ಆರೋಗ್ಯವಷ್ಟೆ?” ಎಂದು ಕೇಳಿ ದೂರವಾಣಿಯನ್ನು ಗೃಹಿಣಿಯ ಕೈಗೆ ಕೊಟ್ಟುಬಿಡುತ್ತಿದ್ದೆವು. ಹೀಗೆ ಎರಡು ವರ್ಷ ಕಳೆಯಿತು. ಕೊನೆಗೆ ಒಂದು ದಿನ ಗೃಹಿಣಿಯು, “ನೀವು ಬರುವುದಾದರೆ ಬನ್ನಿ, ಇಲ್ಲವಾದರೆ ನಾನೊಬ್ಬಳೇ ಹೋಗುತ್ತೇನೆ” ಎಂದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಆ ಧ್ವನಿಯಲ್ಲಿ ಮಾತನಾಡಿದ್ದು ಅದು ಎರಡನೆಯ ಸಲ. 2023ರ ಡಿಸೆಂಬರಿನಲ್ಲಿ ಇಬ್ಬರೂ ಹೊರಟೆವು.

ನಗೋಯಾದ ಮನೆ ಚಿಕ್ಕದು. ಊಟಕ್ಕೂ ಓದಿಗೂ ಹರಟೆಗೂ ಒಂದೇ ಕೋಣೆ; ಅದರ ನಡುವೆ ಮೊಳಕಾಲೆತ್ತರದ ಒಂದು ಮೇಜು. ಮೇಜಿನ ಹಲಗೆಯ ಕೆಳಗೆ ವಿದ್ಯುತ್ತಿನ ಶಾಖವಿರುವುದು. ಸುತ್ತಲೂ ರಜಾಯಿಯನ್ನು ಇಳಿಬಿಟ್ಟಿರುವರು. ‘ಕೊತಾತ್ಸು’ ಎಂದು ಇದಕ್ಕೆ ಹೆಸರು. ನೆಲದ ಮೇಲೆ ಕುಳಿತು ಕಾಲುಗಳನ್ನು ಒಳಕ್ಕೆ ಚಾಚಿಕೊಂಡರೆ ಚಳಿಯೆಂಬುದೇ ತಿಳಿಯದು. ಕುರ್ಚಿಯಿಲ್ಲದ ಆ ಮನೆಯನ್ನು ಕಂಡು ನಮ್ಮ ಗೃಹಿಣಿಯು ಮೊದಲನೆಯ ದಿನವೇ ತವರಿಗೆ ಬಂದವಳಂತೆ ಆಗಿಬಿಟ್ಟಳು.

ಮೂರನೆಯ ದಿನ ಸಂಜೆ ಬೀಗರು ಬರುವರೆಂದು ಮಗನು ತಿಳಿಸಿದನು. ಅವರ ಊರು ಯೊಕ್ಕಾಯಿಚಿ. ನಗೋಯಾದಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಬೀಗರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ನಾವು ನಿವೃತ್ತ ಉಪಾಧ್ಯಾಯರು. ನಮ್ಮಿಬ್ಬರ ನಡುವೆ ಸಮಾನವಾದದ್ದು ಪಿಂಚಣಿಯೊಂದೇ ಎಂದು ಆಗ ಎಣಿಸಿದ್ದೆವು.

ಸೊಸೆಯು ಮಧ್ಯಾಹ್ನದಿಂದಲೇ ಮೇಜನ್ನು ಸಿದ್ಧಪಡಿಸತೊಡಗಿದಳು. ನಾವು ವೃತ್ತಪತ್ರಿಕೆಯನ್ನು ಹಿಡಿದು ಓದುವವರಂತೆ ಕುಳಿತಿದ್ದೆವಾದರೂ ಕಣ್ಣು ಅತ್ತಲೇ ಇದ್ದಿತು. ಮೊದಲು ಮೇಜಿನ ಉದ್ದಕ್ಕೂ ನೀಲಿಯ ಬಣ್ಣದ ಒಂದು ನಾರಿನ ಬಟ್ಟೆಯನ್ನು ಹಾಸಿದಳು. ಅದರ ಮೇಲೆ ನಟ್ಟನಡುವೆ, ಡಬ್ಬಿಯೊಳಗಿನ ಅನಿಲದಿಂದ ಉರಿಯುವ ಚಪ್ಪಟೆಯ ಒಲೆಯೊಂದನ್ನು ಇಟ್ಟಳು. ಒಲೆಯ ಮೇಲೆ ಮಡಕೆ. ಅಗಲವಾದ ಬಾಯಿ, ತಗ್ಗಾದ ಮೈ, ಎರಡು ಕಡೆ ಗಿಡ್ಡ ಕಿವಿಗಳು, ಗುಮ್ಮಟದಂತಹ ಮುಚ್ಚಳದಲ್ಲಿ ಆವಿ ಹೋಗಲು ಒಂದೇ ಒಂದು ರಂಧ್ರ. ಬೂದಿಯ ಬಣ್ಣದ ಗಾಜಿನ ಹೊಳಪಿನೊಳಗೆ ಬಿಳಿಯ ಸಣ್ಣ ಹೂಗಳು. ಇವುಗಳನ್ನು ಅಳತೆಯ ಸಂಖ್ಯೆಯಿಂದ ಕರೆಯುವರು. ನಾಲ್ವರ ಸಂಸಾರಕ್ಕೆ ಎಂಟನೆಯದು ಸಾಕು, ಆರು ಮಂದಿಗೆ ಹತ್ತನೆಯದು ಬೇಕು. ಸಂಖ್ಯೆಯೊಂದಕ್ಕೆ ಹೆಚ್ಚುಕಡಮೆ 3 ಸೆಂಟಿಮೀಟರಿನ ಲೆಕ್ಕ. ಎಂದರೆ ಈ ಮಡಕೆಯ ಬಾಯಿ 30 ಸೆಂಟಿಮೀಟರಿಗೆ ಕಡಮೆಯಿರಲಿಲ್ಲ.

ಹೂದಾನಿಯನ್ನು ಇಡುವಳೇನೋ ಎಂದು ಕಾದೆವು, ಇಡಲಿಲ್ಲ. ನಡುವೆ ಎತ್ತರವಾದದ್ದೇನಿದ್ದರೂ ಎದುರಿಗಿರುವವರ ಮುಖ ಮರೆಯಾಗುವುದು, ಹೂವಿನ ಪರಿಮಳವು ಮಡಕೆಯಿಂದೇಳುವ ಆವಿಯ ಪರಿಮಳವನ್ನು ಕೆಡಿಸುವುದು ಎಂದು ಮಗನ ಮೂಲಕ ಹೇಳಿದಳು. ಹೂವಿನ ಸ್ಥಾನವನ್ನು ತರಕಾರಿಯ ತಟ್ಟೆಯೇ ತುಂಬಿತು. ಹಕುಸಾಯಿ ಎಂಬ ಉದ್ದನೆಯ ಕೋಸಿನ ಎಲೆಗಳನ್ನು ಒಂದರ ಬೆನ್ನಿಗೆ ಒಂದಾಗಿ ನಿಲ್ಲಿಸಿದ್ದಳು. ಐದು ದಳದ ಹೂವಿನಂತೆ ಕತ್ತರಿಸಿದ ಕ್ಯಾರೆಟ್ಟು. ಬಿಳಿಯ ದಪ್ಪ ಮೂಲಂಗಿ. ಸೇವಂತಿಗೆಯ ಜಾತಿಗೆ ಸೇರಿದ ಶುಂಗಿಕು ಎಂಬ ಸೊಪ್ಪು. ಗಿಣ್ಣಿನಂತೆ ನಡುಗುವ ತೋಫುವಿನ ಚೌಕಗಳು. ಹಸುರಿನ ಪಕ್ಕದಲ್ಲಿ ಬಿಳುಪು, ಬಿಳುಪಿನ ಪಕ್ಕದಲ್ಲಿ ಕೆಂಪು. ರಂಗವಲ್ಲಿಯನ್ನು ಇಡುವವಳ ಕೈ ಹೇಗೆ ಮೊದಲೇ ಚುಕ್ಕಿಗಳನ್ನು ಕಾಣುವುದೋ ಹಾಗೆ ಅವಳ ಕೈಯೂ ಕಂಡಿತು.

ಪ್ರತಿಯೊಬ್ಬರ ಮುಂದೆಯೂ ಒಂದು ಪಕ್ಕಕ್ಕೆ ತುಟಿಯಿರುವ ಸಣ್ಣ ಬಟ್ಟಲು, ಒಂದು ಪಿಂಗಾಣಿಯ ಚಮಚ, ಒಂದು ಜೊತೆ ಊಟದ ಕಡ್ಡಿ. ಆ ಚಮಚಕ್ಕೆ ‘ರೆಂಗೆ’ ಎಂದು ಹೆಸರೆಂದೂ ಅದು ಕಮಲದ ಹೂವಿನ ಹೆಸರೆಂದೂ, ಉದುರಿದ ದಳದ ಆಕಾರವಿರುವುದರಿಂದ ಹೀಗೆ ಕರೆಯುವರೆಂದೂ ತಿಳಿದಾಗ ವೃತ್ತಪತ್ರಿಕೆಯನ್ನು ಕೆಳಗಿಟ್ಟೆವು. ಕಡ್ಡಿಗಳನ್ನು ಅಡ್ಡಲಾಗಿ, ಮೊನೆ ಎಡಕ್ಕೆ ಬರುವಂತೆ ಇಟ್ಟಿದ್ದಳು. ನಮ್ಮಲ್ಲಿ ಬಾಳೆಯ ಎಲೆಯನ್ನು ಹಾಕುವಾಗ ಕುಡಿಯು ಊಟಮಾಡುವವನ ಎಡಕ್ಕೆ ಬರಬೇಕಷ್ಟೆ. ಗೃಹಿಣಿಯು ಅದನ್ನು ಗಮನಿಸಿ ನಮ್ಮನ್ನು ಮೊಳಕೈಯಿಂದ ತಿವಿದಳು. ತರಕಾರಿಯನ್ನಿಟ್ಟಿದ್ದ ದೊಡ್ಡ ಪಾತ್ರೆಗೆ ‘ಹಾಚಿ’ ಎಂದು ಹೆಸರು. ಈ ಶಬ್ದವು ಬೌದ್ಧ ಭಿಕ್ಷುಗಳ ಕೈಯಲ್ಲಿ ಚೀನಾ ದೇಶವನ್ನು ದಾಟಿಬಂದ ನಮ್ಮ ‘ಪಾತ್ರ’ ಶಬ್ದದ ರೂಪಾಂತರವೇ. ಇದನ್ನು ನಾವು ಹಿಂದೆಯೇ ಓದಿ ಬಲ್ಲೆವು; ಹೇಳಿದೆವು. ಸೊಸೆಯು ಬೆರಗಾಗಿ “ಪಾತ್ರ, ಪಾತ್ರ” ಎಂದು ಎರಡು ಸಲ ಹೇಳಿಕೊಂಡಳು. ಅವಳೊಡನೆ ನಾವಾಡಿದ ಮೊದಲನೆಯ ನಿಜವಾದ ಮಾತು ವ್ಯುತ್ಪತ್ತಿಯ ವಿಷಯವಾಗಿದ್ದಿತು. ಉಪಾಧ್ಯಾಯರ ಹಣೆಯಬರಹ!

ಬೀಗರು ಬಂದರು, ನಮಸ್ಕಾರಗಳಾದವು, ಎಲ್ಲರೂ ಕುಳಿತರು. ಮಡಕೆಯಲ್ಲಿ ನೀರು ಕುದಿಯಹತ್ತಿತು. ಅದರೊಳಗೆ ಹಿಂದಿನ ರಾತ್ರಿಯಿಂದ ನೆನೆದಿದ್ದುದು ‘ಕೊಂಬು’ ಎಂಬ ಕಡಲ ಸೊಪ್ಪಿನ ತುಂಡು. (ನಮ್ಮ ಕೊಂಬಿಗೂ ಇದಕ್ಕೂ ಸಂಬಂಧವಿಲ್ಲ.) ಆ ದೇಶದ ಸಾರಿಗೆಲ್ಲ ಸಾಮಾನ್ಯವಾಗಿ ಒಣಮೀನಿನ ತುರಿಯೇ ಮೂಲ, ಅಂಗಡಿಯಲ್ಲಿ ಸಿಕ್ಕುವ ಹುಳಿರಸದಲ್ಲಿಯೂ ಅದು ಅನೇಕ ವೇಳೆ ಸೇರಿರುವುದು. ಆದುದರಿಂದ ಸೊಸೆಯು ಯೂಜು ಎಂಬ ನಿಂಬೆಯ ಜಾತಿಯ ಹಣ್ಣನ್ನು ತಾನೇ ಹಿಂಡಿ ಸೋಯಾರಸದಲ್ಲಿ ಬೆರಸಿದ್ದಳು. ಅಣಬೆಯನ್ನೂ ಈರುಳ್ಳಿಯನ್ನೂ ನಮ್ಮ ಸ್ಮೃತಿಕಾರರು ನಿಷೇಧಿಸಿರುವರೆಂದು ಮಗನಿಂದ ತಿಳಿದು ಅವನ್ನೂ ಬಿಟ್ಟಿದ್ದಳು. ಇವೆಲ್ಲ ನಮಗೆ ಆ ಹೊತ್ತಿಗೆ ತಿಳಿಯದು.

ಅಲ್ಲಿಯ ಮನೆಗಳಲ್ಲಿ ಮಡಕೆಯ ಊಟಕ್ಕೆ ಒಬ್ಬರು ಯಜಮಾನಿಕೆ ವಹಿಸುವರು. ಯಾವುದು ಮೊದಲು ಬೇಯಬೇಕು, ಉರಿಯೆಷ್ಟು, ಈಗ ತೆಗೆಯಬಹುದೇ, ಎಲ್ಲಕ್ಕೂ ಅವರದೇ ಅಪ್ಪಣೆ. ಇಂಥವರಿಗೆ ಪರಿಹಾಸವಾಗಿ ‘ನಾಬೆ-ಬುಗ್ಯೋ’ ಎನ್ನುವರು. ಬುಗ್ಯೋ ಎಂದರೆ ಹಿಂದಿನ ಕಾಲದ ಅಧಿಕಾರಿ. ನಮ್ಮ ಕಡೆಯ ಮಾತಿನಲ್ಲಿ ಮಡಕೆಯ ಅಮಲ್ದಾರರು ಎನ್ನಬಹುದು. ನಮ್ಮ ಬೀಗರು ಇಂತಹ ಅಮಲ್ದಾರರು. ಮೂಲಂಗಿಯನ್ನು ಮೊದಲು ಹಾಕಿದರು, ಕೋಸಿನ ದಂಟನ್ನು ಆಮೇಲೆ, ಎಲೆಯನ್ನು ಕೊನೆಗೆ. ಮಗಳು ಕೈ ನೀಡಿದರೆ ಗದರಿದರು. ತೋಫು ಹದವಾಗಿ ಬೆಂದು ನಡುಗಿದ ಕ್ಷಣದಲ್ಲಿ, ಮೊದಲನೆಯ ತುಂಡನ್ನು ದೂರದಿಂದ ಬಂದ ಬೀಗನಿಗೇ ಕೊಡಬೇಕೆಂಬ ಉತ್ಸಾಹದಿಂದ, ಅದುವರೆಗೆ ತಾವು ತಿನ್ನುತ್ತಿದ್ದ ಕಡ್ಡಿಗಳಿಂದಲೇ ಅದನ್ನು ಎತ್ತಿ ನಮ್ಮ ಬಟ್ಟಲಿಗೆ ಹಾಕಿದರು.

ವಾಚಕರಲ್ಲಿ ಅನೇಕರಿಗೆ ನಮ್ಮ ಸ್ಥಿತಿಯು ಅರ್ಥವಾದೀತು. ಎಂಜಲು! ಅರುವತ್ತು ವರ್ಷ ಯಾವುದನ್ನು ಅತ್ತಿಗೆ ಸರಿಸಿ ಬದುಕಿದ್ದೆವೋ ಅದು ಬಟ್ಟಲಿನೊಳಗೆ ಹೊಗೆಯಾಡುತ್ತ ಕುಳಿತಿದ್ದಿತು. ಆ ಕಡ್ಡಿಗಳು ಮತ್ತೆ ಮಡಕೆಗೂ ಇಳಿದವು. ನಾವು ಬಟ್ಟಲನ್ನು ಮುಂದಕ್ಕೆ ಸರಿಸಿ, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಕೈಕಟ್ಟಿ ಕುಳಿತೆವು. ಮಗನು ಆ ಮಾತನ್ನು ಅನುವಾದಿಸಿದನು. ಆದರೆ ಅವರು ನೋಡುತ್ತಿದ್ದುದು ಮಗನ ಮುಖವನ್ನಲ್ಲ, ನಮ್ಮ ಬಟ್ಟಲನ್ನು. ಬೀಗಿತಿಯು ತಲೆ ತಗ್ಗಿಸಿದಳು. ಸೊಸೆಯು ಎದ್ದು ಹೋಗಿ, ಒಂದು ಬಿಳಿಯ ಬಟ್ಟಲಿನಲ್ಲಿ ಮೊಸರನ್ನ ಕಲಸಿ ತಂದು ನಮ್ಮ ಮುಂದೆ ಇಟ್ಟಳು. ಅದಕ್ಕೆ ಒಗ್ಗರಣೆಯೂ ಆಗಿದ್ದಿತು. ಎಲ್ಲಿ ಕಲಿತಳೋ! ನಮ್ಮ ಗೃಹಿಣಿಯು ಮಾತ್ರ ಒಂದು ಮಾತನ್ನೂ ಆಡದೆ ಮಡಕೆಯಿಂದ ಬಂದುದನ್ನೆಲ್ಲ ತಿಂದಳು.

ಅತಿಥಿಗಳು ಹೋದ ಮೇಲೆ ಮಗನು ಅಡಿಗೆಮನೆಯಲ್ಲಿ ಮಡಕೆಯನ್ನು ತೊಳೆಯುತ್ತಿದ್ದನು. ನಾವು ಸುಮ್ಮನೆ ಹೋಗಿ ನಿಂತೆವು. ಅವನು ತಿರುಗಿ ನೋಡದೆಯೇ ಹೇಳಿದನು: “ಅಪ್ಪ, ಅವರ ಮನೆಯಲ್ಲಿ ಮೂವತ್ತು ವರ್ಷದ ಮಡಕೆ ಇದೆ. ಅದನ್ನೇ ತರುತ್ತೇವೆ ಅಂದರು. ಇವಳು ಬೇಡ ಅಂದಳು. ಮಣ್ಣು ಮೀನಿನ ರಸವನ್ನು ಕುಡಿದಿರುತ್ತದೆ, ನಿಮಗೆ ಆಗುವುದಿಲ್ಲ ಅಂತ. ಇದು ಹೊಸದು. ನೀವು ಬರುವುದಕ್ಕೆ ಮುಂಚೆ ಗಂಜಿ ಕಾಯಿಸಿ ಪಳಗಿಸಿದಳು. ಇದರಲ್ಲಿ ಇವತ್ತಿನವರೆಗೂ ಬೇರೆ ಏನೂ ಬೆಂದಿಲ್ಲ.” ಇಷ್ಟನ್ನು ಹೇಳಿ, ಮಡಕೆಯ ತಳವನ್ನು ಬಟ್ಟೆಯಿಂದ ಒರಸಿ, ಬೋರಲು ಹಾಕಿದನು. ಅದರಲ್ಲಿ ಆಕ್ಷೇಪಣೆಯ ಧ್ವನಿ ಇರಲಿಲ್ಲ. ಇದ್ದಿದ್ದರೆ ನಾವು ವಾದ ಮಾಡಬಹುದಾಗಿತ್ತು.

ಆ ರಾತ್ರಿ ನಿದ್ರೆ ಬರಲಿಲ್ಲ. ಉಪಾಧ್ಯಾಯ ವೃತ್ತಿಯವರಿಗೆ ತಪ್ಪಿನ ಅರಿವಾದರೂ ಮೊದಲು ಪ್ರಮಾಣವನ್ನು ಹುಡುಕುವ ಚಾಳಿ ಬಿಡದು. ಲೋಹದ ಪಾತ್ರೆಯನ್ನು ತೊಳೆದು ಶುದ್ಧಿಮಾಡಬಹುದು. ಮಣ್ಣಿನ ಪಾತ್ರೆಗಾದರೋ ಪುನಃ ಸುಡುವುದೇ ಶುದ್ಧಿಯೆಂದು ಮನುಸ್ಮೃತಿಯಲ್ಲಿ ಹೇಳಿದೆ. ಈ ಮಡಕೆಯು ಊಟ ಮುಗಿಯುವ ತನಕ ಬೆಂಕಿಯ ಮೇಲೆಯೇ ಇರುವುದಲ್ಲ, ಕ್ಷಣಕ್ಷಣಕ್ಕೂ ಪುನಃಪಾಕವೇ ನಡೆದಿದೆಯಲ್ಲ, ಎಂದು ಯೋಚನೆ ಬಂದಿತು. ಗೃಹಿಣಿಯನ್ನು ಎಬ್ಬಿಸಿ ಹೇಳಿದೆವು. ಅವಳು, “ಬೆಳದಿಂಗಳೂಟದಲ್ಲಿ ನಿಮ್ಮ ಅಜ್ಜಿ ಒಂದೇ ಪಾತ್ರೆಯಿಂದ ಹತ್ತು ಮಕ್ಕಳಿಗೆ ಕೈತುತ್ತು ಹಾಕುತ್ತಿದ್ದರಂತೆ, ಆಗ ಯಾವ ಸ್ಮೃತಿ ನೋಡುತ್ತಿದ್ದಿರಿ?” ಎಂದಳು. ಅಜ್ಜಿಯ ಕೈ ಬಾಯಿಗೆ ಮುಟ್ಟುತ್ತಿರಲಿಲ್ಲ, ಆದುದರಿಂದ ಅದು ಎಂಜಲಲ್ಲವೆಂದು ಉತ್ತರ ಕೊಟ್ಟೆವು. ಅವಳು ಮಗ್ಗುಲಾಗಿ ಮಲಗಿದಳು.

ಮಾರನೆಯ ವಾರ ಬೀಗರೇ ನಮ್ಮನ್ನು ತಮ್ಮ ಊರಿಗೆ ಕರೆಸಿಕೊಂಡರು. ಆ ರಾತ್ರಿಯ ಮಾತನ್ನೇ ಎತ್ತಲಿಲ್ಲ. ಮಡಕೆಗಳನ್ನು ತೋರಿಸುವೆನೆಂದು ಅಂಗಡಿಯಿಂದ ಅಂಗಡಿಗೆ ನಡೆಸಿದರು. ಯೊಕ್ಕಾಯಿಚಿಯು ಮಡಕೆಯ ಊರೇ. ಜಪಾನಿನಲ್ಲಿ ತಯಾರಾಗುವ ದೊನಾಬೆಗಳಲ್ಲಿ ಹೆಚ್ಚಿನ ಪಾಲು ಇಲ್ಲಿಯವು. ‘ಬಾಂಕೊ’ ಎಂದು ಈ ಕೆಲಸಕ್ಕೆ ಹೆಸರು. ಯುಗಯುಗಾಂತರಕ್ಕೂ ಉಳಿಯತಕ್ಕದ್ದು ಎಂದು ಅರ್ಥ. ಹದಿನೆಂಟನೆಯ ಶತಮಾನದಲ್ಲಿ ನುನಾಮಿ ರೋಜಾನ್ ಎಂಬ ವರ್ತಕನು ಹವ್ಯಾಸಕ್ಕಾಗಿ ಮಾಡಿದ ಪಾತ್ರೆಗಳಿಗೆ ಈ ಮುದ್ರೆಯನ್ನು ಒತ್ತುತ್ತಿದ್ದನಂತೆ. ಮಣ್ಣಿನ ಪಾತ್ರೆಗೆ ಶಾಶ್ವತವೆಂಬ ಮುದ್ರೆ! ನಗು ಬಂದಿತು. ಆದರೆ ಬೀಗರು ವಿವರಿಸಿದುದನ್ನು ಕೇಳಿದ ಮೇಲೆ ನಗುವನ್ನು ನುಂಗಿಕೊಂಡೆವು. ಮಣ್ಣಿನ ಪಾತ್ರೆ ಒಡೆಯುವುದು ಪೆಟ್ಟಿನಿಂದ ಮಾತ್ರವಲ್ಲ. ಕಾದಾಗ ಹಿಗ್ಗಿ, ತಣಿದಾಗ ಕುಗ್ಗಿ, ಎಲ್ಲ ಭಾಗವೂ ಒಂದೇ ಸಮನಾಗಿ ಹಿಗ್ಗಿ ಕುಗ್ಗದೆ ಇರುವುದರಿಂದ. ಎರಡನೆಯ ಮಹಾಯುದ್ಧದ ನಂತರ ಈ ಊರಿನವರು ಪೆಟಲೈಟ್ ಎಂಬ, ಲಿಥಿಯಂ ಧಾತುವಿರುವ ಕಲ್ಲಿನ ಪುಡಿಯನ್ನು ಮಣ್ಣಿಗೆ ಬೆರಸುವುದನ್ನು ಕಂಡುಕೊಂಡರು. ಈ ಪುಡಿಯಿದ್ದರೆ ಮಣ್ಣು ಬೆಂಕಿಗೆ ಹೆಚ್ಚಾಗಿ ಹಿಗ್ಗದು. ಆ ಕಲ್ಲು ಬಹುಪಾಲು ಆಫ್ರಿಕಾದ ಜಿಂಬಾಬ್ವೆಯಿಂದ ಬರುತ್ತಿದ್ದಿತು. ಒಂದು ಗಂಜಿಯ ಮಡಕೆಗಾಗಿ ಎಷ್ಟು ದೂರದ ಕಲ್ಲು!

ಅದೇ ಸೀಮೆಯಲ್ಲಿ ಇಗಾ ಎಂಬ ಬೆಟ್ಟದ ನಾಡು ಇದೆ. ಅಲ್ಲಿಯ ಮಡಕೆಗೆ ಯಾವ ಕಲ್ಲಿನ ಪುಡಿಯ ಸಹಾಯವೂ ಬೇಡವಂತೆ. ಸುಮಾರು 40 ಲಕ್ಷ ವರ್ಷಗಳ ಹಿಂದೆ ಬೀವಾ ಸರೋವರದ ತಳವಾಗಿದ್ದ ಮಣ್ಣು ಅದು. ಅಂದಿನ ಗಿಡಮರಗಳೂ ಕಣ್ಣಿಗೆ ಕಾಣದ ಜೀವಿಗಳೂ ಅದರಲ್ಲಿ ಹುದುಗಿವೆ. ಆವಿಗೆಯಲ್ಲಿಟ್ಟು ಸುಟ್ಟಾಗ ಅವು ಉರಿದುಹೋಗಿ ಅವುಗಳ ಜಾಗದಲ್ಲಿ ಸೂಕ್ಷ್ಮವಾದ ರಂಧ್ರಗಳು ಉಳಿಯುವುವು. ಆ ರಂಧ್ರಗಳಲ್ಲಿ ಶಾಖವು ನಿಂತು, ನಿಧಾನವಾಗಿ ಒಳಕ್ಕೆ ಹೋಗಿ, ಒಲೆ ಆರಿದ ಮೇಲೂ ಬಹಳ ಹೊತ್ತು ಇರುವುದು.

ಮಡಕೆಯನ್ನು ಪಳಗಿಸುವ ಕ್ರಮವನ್ನು ಬೀಗಿತಿಯು ಗೃಹಿಣಿಗೆ ಕೈಸನ್ನೆಯಿಂದಲೇ ಕಲಿಸಿದಳು. ಹೊಸ ಮಡಕೆಯಲ್ಲಿ ಮುಕ್ಕಾಲು ನೀರು, ಒಂದಿಷ್ಟು ಅನ್ನ. ಸಣ್ಣ ಉರಿಯಲ್ಲಿ ಗಂಜಿಯಾಗುವ ತನಕ ಕಾಯಿಸಿ ಹಾಗೆಯೇ ಆರಲು ಬಿಡಬೇಕು. ಗಂಜಿಯ ಅಂಟು ರಂಧ್ರಗಳನ್ನು ತುಂಬಿ ಸೋರದಂತೆ ಮಾಡುವುದು. ತಳ ಒದ್ದೆಯಿರುವಾಗ ಒಲೆಯ ಮೇಲೆ ಇಡಬಾರದು. ಬರಿಯ ಮಡಕೆಯನ್ನು ಕಾಯಿಸಬಾರದು. ಸಾಬೂನಿನ ನೀರಿನಲ್ಲಿ ನೆನೆಹಾಕಬಾರದು, ಮಣ್ಣು ಅದನ್ನೂ ಕುಡಿಯುವುದು. ತೊಳೆದ ಮೇಲೆ ಪೂರ್ತಿಯಾಗಿ ಒಣಗಿಸದಿದ್ದರೆ ಬೂಷ್ಟು ಹಿಡಿಯುವುದು. ಗೃಹಿಣಿಯು, “ಇದೆಲ್ಲ ನಮ್ಮಮ್ಮನೂ ಹೇಳುತ್ತಿದ್ದರು” ಎಂದಳು. ಅವಳ ತಾಯಿ ಮಡಕೆಯಲ್ಲಿ ಅಡಿಗೆ ಮಾಡಿದ್ದನ್ನು ನಾವಂತೂ ಕಂಡಿಲ್ಲ.

ನಾವು ಹೊರಡುವುದಕ್ಕೆ ಎರಡು ದಿನ ಮುಂಚೆ, ಬೀಗರೂಟವು ನಮ್ಮ ಕಡೆಯಿಂದಲೂ ಆಗಬೇಕಷ್ಟೆ ಎಂದು ಗೃಹಿಣಿಯು ಅವರನ್ನು ಕರೆಸಿದಳು. ಮೇಜು ಅದೇ, ನೀಲಿಯ ಬಟ್ಟೆ ಅದೇ, ಮಡಕೆಯೂ ಅದೇ. ಮಡಕೆಯೊಳಗೆ ಮಾತ್ರ ನಮ್ಮ ಹುಳಿ: ತೊಗರಿಬೇಳೆ, ಆ ದೇಶದ ಮೂಲಂಗಿ, ನಮ್ಮ ಮೈಸೂರಿನ ಹುಳಿಪುಡಿ. ಬಾಳೆಯ ಎಲೆ ದೊರೆಯಲಿಲ್ಲ. ಸೊಸೆಯು ಅಗಲವಾದ ಬಿದಿರಿನ ತಟ್ಟೆಗಳನ್ನು ತಂದು, ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲೆಲ್ಲಿ ಎಂದು ಕೇಳಿ ಕೇಳಿ ಇಟ್ಟಳು. ಉಪ್ಪು ಎಡಗಡೆಯ ಮೇಲಿನ ಮೂಲೆಗೆ ಬರಬೇಕೆಂದು ನಾವೇ ತೋರಿಸಿದೆವು. ಅವಳು ಬೇಗ ಕಲಿಯುವಳು.

ಬೀಗರು ಈ ಸಲ ಅಮಲ್ದಾರಿಕೆಯನ್ನು ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಮಡಕೆಯ ಪಕ್ಕದಲ್ಲಿ ಎಲ್ಲರಿಗೂ ಸಮಾನವಾದ ಒಂದು ಸೌಟನ್ನೂ, ಯಾರೂ ಬಾಯಿಗಿಡದ ಒಂದು ಜೊತೆ ಉದ್ದನೆಯ ಕಡ್ಡಿಯನ್ನೂ ಇಟ್ಟಿದ್ದಿತು. ಮಗಳು ಹೇಳಿದ್ದಳೆಂದು ತೋರುತ್ತದೆ. ಅಷ್ಟು ಚೆನ್ನಾಗಿ ಹರಟುತ್ತಿದ್ದ ಮನುಷ್ಯರು ಆ ಸೌಟನ್ನು ನೋಡುತ್ತ ಕುಳಿತಿದ್ದುದು ನಮಗೆ ಸಹನೆಯಾಗಲಿಲ್ಲ. ನಾವು ನಮ್ಮ ಕಡ್ಡಿಗಳನ್ನೇ ಹಿಡಿದು, ಅದರಿಂದ ಆಗತಾನೆ ಒಂದು ತುತ್ತನ್ನು ತಿಂದಿದ್ದವರು, ಮಡಕೆಯೊಳಗಿನ ಮೂಲಂಗಿಯ ತುಂಡನ್ನು ಎತ್ತಲು ತೊಡಗಿದೆವು. ಅದು ಎರಡು ಸಲ ಜಾರಿ ಬಿದ್ದಿತು. ಹುಳಿಯು ನೀಲಿಯ ಬಟ್ಟೆಯ ಮೇಲೆ ಚಿಮ್ಮಿತು. ಯಾರೂ ಮಾತನಾಡಲಿಲ್ಲ. ಮೂರನೆಯ ಸಲ ಹಿಡಿತಕ್ಕೆ ಬಂದಿತು. ಕೈ ನಡುಗುತ್ತಿದ್ದರೂ ಅದನ್ನು ಬೀಗರ ಬಟ್ಟಲಿಗೆ ಮುಟ್ಟಿಸಿದೆವು. ಅವರು ಬಟ್ಟಲನ್ನು ಎರಡು ಕೈಗಳಿಂದ ಹಣೆಯ ಮಟ್ಟಕ್ಕೆ ಎತ್ತಿ, ಮೂಲಂಗಿಯನ್ನು ತಿಂದು, ಕಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡರು. ಕಾರಕ್ಕೇ ಎಂದು ಅವರು ಹೇಳಿದರು.

ಆಮೇಲೆ ಅಮಲ್ದಾರಿಕೆಯು ತಾನಾಗಿಯೇ ಮರಳಿ ಬಂದಿತು. ಮಡಕೆಯ ಊಟದ ಕೊನೆಗೆ ಉಳಿದ ಸಾರಿನಲ್ಲಿ ಅನ್ನವನ್ನೋ ಶಾವಿಗೆಯಂತಹ ಉದೋನನ್ನೋ ಹಾಕಿ ಕುದಿಸಿ ಮುಗಿಸುವುದು ಅಲ್ಲಿಯ ಪದ್ಧತಿ; ‘ಶಿಮೆ’ ಎನ್ನುವರು. ಬೀಗರು ಅಪ್ಪಣೆಯನ್ನೂ ಕೇಳದೆ ಅನ್ನದ ಬಟ್ಟಲನ್ನು ಎತ್ತಿ ಹುಳಿಯೊಳಗೆ ಸುರಿದರು, ಉರಿಯನ್ನು ತಗ್ಗಿಸಿದರು, ಮುಚ್ಚಳವನ್ನು ಮುಚ್ಚಿದರು. ಮುಚ್ಚಳ ತೆಗೆದಾಗ ಗೃಹಿಣಿಯು ನಕ್ಕಳು. ಅದು ಸಾಕ್ಷಾತ್ ಬಿಸಿಬೇಳೆಹುಳಿಯನ್ನ.

ಆ ಮಡಕೆಯು ಈಗ ಮೈಸೂರಿನ ನಮ್ಮ ಮನೆಯಲ್ಲಿದೆ. ನಿಮ್ಮ ಊಟ ಮಾತ್ರ ಬೆಂದ ಮಡಕೆ, ನಿಮ್ಮಲ್ಲಿಯೇ ಇರಲಿ ಎಂದು ಸೊಸೆಯು ಚೌಕದ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ವಿಮಾನದಲ್ಲಿ ನಾವು ಅದನ್ನು ಕಾಲ ಬಳಿ ಇಟ್ಟುಕೊಂಡೇ ಬಂದೆವು. ಇಲ್ಲಿಯ ವಿದ್ಯುತ್ತಿನ ಇಂಡಕ್ಷನ್ ಒಲೆಯು ಮಣ್ಣನ್ನು ಕಾಯಿಸದು. ಆದುದರಿಂದ ಅಟ್ಟದ ಮೇಲಿದ್ದ ಹಳೆಯ ಅಗ್ಗಿಷ್ಟಿಕೆಯನ್ನು ಇಳಿಸಿ, ಇದ್ದಲಿನ ಹೊಗೆಗೆ ಅಂಜಿ ಜಗಲಿಯ ಮೇಲೆಯೇ ಊಟ ಮಾಡುವೆವು. ಕಳೆದ ತಿಂಗಳು ತಳದಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟು ನೀರು ಜಿನುಗಿತು. ನಾವೇ ನಗೋಯಾಕ್ಕೆ ಕರೆ ಮಾಡಿದೆವು, ಭಾನುವಾರವಾಗಿರಲಿಲ್ಲ. ಸೊಸೆಯು ಗಾಬರಿಯಿಂದ “ಮಾವ?” ಎಂದಳು. ಮಡಕೆಯೆಂದು ತಿಳಿದ ಮೇಲೆ ಅವಳಿಗೆ ನಗೆ ಬಂದಿತು. ಮತ್ತೆ ಗಂಜಿ ಕಾಯಿಸಬೇಕು, ಪೂರ್ತಿಯಾಗಿ ಆರುವ ತನಕ ಮುಟ್ಟಬಾರದು ಎಂದಳು. ಹಾಗೆಯೇ ಮಾಡಿದೆವು. ಬೆಳಿಗ್ಗೆ ತಳವನ್ನು ಬೆರಳಿನಿಂದ ಒರಸಿ ನೋಡಿದರೆ ಒಣಗಿದ್ದಿತು.

ಬರುವ ದಸರೆಗೆ ಮಗನೂ ಸೊಸೆಯೂ ಬರುವರು, ಬೀಗರೂ ಬರುವರಂತೆ. ಆರು ಎಲೆಗಳನ್ನು ಹಾಕಿದರೆ ಮಡಕೆಗೆ ನಡುವೆ ಜಾಗವೆಲ್ಲಿ, ಎಲೆಗಳನ್ನು ಸಾಲಾಗಿ ಹಾಕುವುದೋ ದುಂಡಗೆ ಹಾಕುವುದೋ ಎಂದು ಗೃಹಿಣಿಗೂ ನಮಗೂ ನಿನ್ನೆಯಿಂದ ವಾದ ನಡೆದಿದೆ. ದುಂಡಗೆ ಹಾಕಿದರೆ ಕುಡಿ ಎಡಕ್ಕೆ ಬರುವುದೇ ಎಂದು ನೋಡಲು, ಈಗ ಹಳೆಯ ವೃತ್ತಪತ್ರಿಕೆಗಳನ್ನು ಎಲೆಯ ಅಳತೆಗೆ ಕತ್ತರಿಸಿ ಜಗಲಿಯ ಮೇಲೆ ಹರಡಿಕೊಂಡು ಕುಳಿತಿದ್ದೇವೆ.